ಐದು ವರ್ಷದವನ ಎತ್ತರದಿಂದ ಶಿರಸಿ ಜಾತ್ರೆ

ಸೋಮವಾರ, ಮಾರ್ಚ್ 18, 2024

ಶಿರಸಿಯ ಮಾರಿಕಾಂಬಾ ಜಾತ್ರೆ ಎರಡು ವರ್ಷಕ್ಕೊಮ್ಮೆ ಬರುತ್ತದೆ. ಹಾಗೆ ಲೆಕ್ಕ ಹಾಕಿದರೆ ಒಂದು ಮಗುವಿನ ಬಾಲ್ಯದ ಪಾಲಿಗೆ ಸಿಗುವ ಜಾತ್ರೆಗಳು ಐದೋ ಆರೋ ಅಷ್ಟೆ. ನನ್ನ ಮಗಳಿಗೆ ಈಗ ಒಂಬತ್ತು. 2018ರ ಜಾತ್ರೆಗೆ ಹೋದಾಗ ಅವಳಿಗೆ ಮೂರು ವರ್ಷ, ಏನೊಂದೂ ನೆನಪಿಲ್ಲ. 2020ರಲ್ಲಿ ಮಗ ಕೈಗೂಸು, 2022ರಲ್ಲಿ ನನಗೆ ರಜೆ ಸಿಗಲಿಲ್ಲ. ಈ ಸಲವೂ ಬಿಟ್ಟರೆ ಮುಂದಿನ ಜಾತ್ರೆಗೆ ಮಗಳು ಹನ್ನೊಂದು ದಾಟಿರುತ್ತಾಳೆ. ಬೆರಗುಪಡುವ ವಯಸ್ಸು ಕೈಜಾರುತ್ತದೆ ಎಂಬ ಆತಂಕ ಹತ್ತಿತು. ಮಕ್ಕಳ ಅಪ್ಪನಿಗೆ ರಜೆ ಇರಲಿಲ್ಲ. ಇಬ್ಬರನ್ನೂ ಕಟ್ಟಿಕೊಂಡು ಬೆಂಗಳೂರಿನಿಂದ ರಾತ್ರಿ ಬಸ್ ಹತ್ತಿದೆ.

ಹೊರಡುವ ಮೊದಲು ನಾನು ಕಲಿತಿದ್ದ ಜಾಗ್ರತೆಯನ್ನೆಲ್ಲ ಮಾಡಿಕೊಂಡಿದ್ದೆ. ಇಬ್ಬರಿಗೂ ಹಿಂಬದಿ ಪಟ್ಟಿಯಿರುವ ಚಪ್ಪಲಿ, ಏಕೆಂದರೆ ಜನಜಂಗುಳಿಯಲ್ಲಿ ಕಳಚಿದ ಚಪ್ಪಲಿಗಾಗಿ ಮಗು ಬಗ್ಗುವುದೇ ಅಪಾಯ. ದೂರದಿಂದ ಕಣ್ಣಿಗೆ ಹೊಡೆಯುವ ಹಳದಿ ಅಂಗಿಗಳು. ನನ್ನ ಮೊಬೈಲ್ ಸಂಖ್ಯೆಯನ್ನು ಬರೆದ ಬಟ್ಟೆಯ ಚೂರನ್ನು ಅಂಗಿಯ ಒಳಮಗ್ಗುಲಿಗೆ ಹೊಲಿದಿದ್ದೆ. ಕೈಮೇಲೆ ಪೆನ್ನಿನಲ್ಲಿ ಬರೆದರೆ ಮಾರ್ಚಿನ ಬೆವರಿಗೆ ಅರ್ಧ ಗಂಟೆ ನಿಲ್ಲುವುದಿಲ್ಲ. ‘ಕೈ ತಪ್ಪಿದರೆ ಏನು ಮಾಡಬೇಕು?’ ಎಂದು ಬಸ್ಸಿನಲ್ಲಿ ಮಗನನ್ನು ಕೇಳಿದೆ. ‘ಪೊಲೀಸ್ ಮಾಮನ ಹತ್ತಿರ ಹೋಗಬೇಕು’ ಎಂದು ಪಾಠ ಒಪ್ಪಿಸಿದ. ಆ ಪಾಠ ತಪ್ಪು ಎಂಬುದು ನನಗೆ ಬುಧವಾರ ತಿಳಿಯಿತು.

ಮಂಗಳವಾರ, ಮಾರ್ಚ್ 19

ನನ್ನ ತವರು ಶಿರಸಿ ಪೇಟೆಯಿಂದ ಹನ್ನೆರಡು ಕಿಲೋಮೀಟರ್ ದೂರದ ಅಡಿಕೆ ತೋಟದ ಊರು. ಬೆಳಗ್ಗೆ ಮನೆ ತಲುಪಿದಾಗ ಆಯಿ, ಅಂದರೆ ನನ್ನ ಅಮ್ಮ, ಅಂಗಳದಲ್ಲೇ ನಿಂತಿದ್ದಳು. ಆಯಿಗೆ ಜಾತ್ರೆ ಇಂದು ಶುರುವಾಗುವುದಲ್ಲ, ತಿಂಗಳುಗಳಿಂದ ನಡೆಯುತ್ತಿರುವುದು. ಜಾತ್ರೆಗೆ ಮುಂಚಿನ ವಿಧಿಗಳಾದ ಹೊರಬೀಡು ಯಾವಾಗ, ಅಂಕೆ ಹಾಕಿದ್ದು ಯಾವಾಗ, ತೇರಿನ ಕೆಲಸ ಎಲ್ಲಿಯವರೆಗೆ ಬಂತು ಎಂಬುದನ್ನೆಲ್ಲ ಅವಳು ಫೋನಿನಲ್ಲಿ ನನಗೆ ಹೇಳುತ್ತ ಬಂದಿದ್ದಳು.

ಮಧ್ಯಾಹ್ನದ ಮೇಲೆ ಅಣ್ಣ ನಮ್ಮನ್ನು ಪೇಟೆಗೆ ಕರೆದುಕೊಂಡು ಹೋದ. ದೇವಿಯ ಕಲ್ಯಾಣ ರಾತ್ರಿ, ಗುಡಿಯ ಸಭಾಮಂಟಪದಲ್ಲಿ. ನಡುರಾತ್ರಿಯ ತನಕ ಮಕ್ಕಳನ್ನು ಎಚ್ಚರವಿರಿಸಿ ಅಲ್ಲಿ ನಿಲ್ಲಿಸಬಾರದೆಂದು ಮೊದಲೇ ತೀರ್ಮಾನಿಸಿದ್ದೆ. ಬದಲಿಗೆ ಜನ ತುಂಬುವ ಮೊದಲು ಜಾತ್ರೆಯ ದಾರಿಯನ್ನು ಅವರಿಗೆ ತೋರಿಸುವುದು ನನ್ನ ಉದ್ದೇಶ. ಮಾರಿಗುಡಿಯಿಂದ ಬಿಡಕಿಬಯಲಿನವರೆಗೆ ನಡೆದೆವು. ಇದೇ ದಾರಿಯಲ್ಲಿ ನಾಳೆ ತೇರು ಹೋಗುತ್ತದೆ, ಇಲ್ಲೇ ಗದ್ದುಗೆಯ ಮೇಲೆ ದೇವಿ ಕೂರುತ್ತಾಳೆ, ಇದು ದೇವಿಕೆರೆಗೆ ಹೋಗುವ ದಾರಿ ಎಂದು ತೋರಿಸಿದೆ. ಹಾನಗಲ್ಲಿನ ಕಡೆಯಿಂದ ಬಂದ ದೇವಿ ಆ ಕೆರೆಯಲ್ಲಿ ಸಿಕ್ಕಿದಳೆಂಬುದು, ಹದಿನೇಳನೆಯ ಶತಮಾನದ ಕೊನೆಯಲ್ಲಿ ಈಗಿನ ಗುಡಿಯಲ್ಲಿ ನೆಲೆಗೊಂಡಳೆಂಬುದು ಇಲ್ಲಿನವರೆಲ್ಲ ಬಲ್ಲ ಕಥೆ. ಮಗನಿಗೆ ಅದು ಬಹಳ ಹಿಡಿಸಿತು. ‘ದೇವಿಗೆ ಈಜು ಬರುತ್ತಿತ್ತೇ?’ ಎಂದು ಕೇಳಿದ.

ಗುಡಿಯಲ್ಲಿ ಮಗಳು ಗೋಡೆಯ ಕಾವಿ ಚಿತ್ರಗಳ ಎದುರು ನಿಂತವಳು ಕದಲಲಿಲ್ಲ. ಸುಣ್ಣದ ಗಾರೆಯ ಮೇಲೆ ಕೆಮ್ಮಣ್ಣಿನ ಬಣ್ಣ ಬಳಿದು, ಹಸಿ ಇರುವಾಗಲೇ ಗೀರಿ ಒಳಗಿನ ಬಿಳುಪನ್ನು ಹೊರತೆಗೆಯುವ ಕಲೆ ಇದು. ಬಣ್ಣ ಹಚ್ಚಿ ಬರೆದ ಚಿತ್ರವಲ್ಲ, ಬಣ್ಣ ತೆಗೆದು ಬರೆದದ್ದು ಎಂದು ಹೇಳಿದೆ. ಅವಳು ಉಗುರಿನಿಂದ ಗಾಳಿಯಲ್ಲೇ ಗೀರಿ ನೋಡಿದಳು. ಹಬ್ಬದ ನೂಕುನುಗ್ಗಲಿನಲ್ಲಿ ಇದಕ್ಕೆಲ್ಲ ಅವಕಾಶವೇ ಸಿಗುತ್ತಿರಲಿಲ್ಲ. ಗುಡಿಯ ಮುಂದೆ ನಾಳೆಯ ತೇರು ಎತ್ತರಕ್ಕೆ ನಿಂತಿತ್ತು. ಮಗ ಅದರ ಚಕ್ರದ ಪಕ್ಕ ನಿಂತು ತನ್ನ ತಲೆ ಎಲ್ಲಿಗೆ ಬರುತ್ತದೆಂದು ಅಳೆದುಕೊಂಡ.

ಏಳು ಗಂಟೆಗೆಲ್ಲ ಮನೆಗೆ ಬಂದೆವು. ಆಯಿ ತೊಡದೇವು ತೆಗೆದಿಟ್ಟಿದ್ದಳು. ಬಾಯಿಗಿಟ್ಟರೆ ಕಬ್ಬಿನ ಹಾಲಿನ ಸಿಹಿ ಮಾತ್ರ ಉಳಿದು ಹಾಳೆ ಮಾಯವಾಗುವ ಆ ತಿನಿಸನ್ನು ಮಕ್ಕಳು ಕಾಗದವೆಂದೇ ಮೊದಲು ನಂಬಿದ್ದರು.

ಬುಧವಾರ, ಮಾರ್ಚ್ 20

ತೇರು ಎಳೆಯುವ ದಿನ. ಬೆಳಗ್ಗೆಯೇ ದೇವಿಯನ್ನು ರಥಕ್ಕೆ ಏರಿಸುತ್ತಾರೆ, ಮೆರವಣಿಗೆ ಹೊರಟು ಬಿಡಕಿಬಯಲನ್ನು ಮುಟ್ಟುವ ಹೊತ್ತಿಗೆ ಮಧ್ಯಾಹ್ನ. ನಡೆದರೆ ಹತ್ತು ಹದಿನೈದು ನಿಮಿಷದ ದಾರಿಗೆ ಅಷ್ಟು ಗಂಟೆ ಹಿಡಿಯುತ್ತದೆ ಎಂದರೆ ಜನ ಎಷ್ಟಿರಬೇಕು!

ಅಣ್ಣನ ಪರಿಚಯದವರ ಅಂಗಡಿಯ ಜಗಲಿ ತೇರುಬೀದಿಗೇ ಇತ್ತು. ಏಳೂವರೆಗೆ ಅಲ್ಲಿ ಜಾಗ ಹಿಡಿದೆವು. ಮಕ್ಕಳೊಂದಿಗೆ ಹೋಗುವವರಿಗೆ ನಾನು ಧೈರ್ಯವಾಗಿ ಹೇಳಬಲ್ಲ ಮಾತು ಇದು: ಮೆರವಣಿಗೆಯ ಜೊತೆ ನಡೆಯಬೇಡಿ. ನಾಲ್ಕು ಮೆಟ್ಟಿಲು ಎತ್ತರದ, ಹಿಂದಿನಿಂದ ಹೊರಹೋಗಲು ಬಾಗಿಲಿರುವ ಒಂದು ಜಾಗ ಹಿಡಿದು ಕೂತುಬಿಡಿ, ಜಾತ್ರೆ ತಾನಾಗಿ ನಿಮ್ಮ ಮುಂದೆ ಹಾದುಹೋಗುತ್ತದೆ.

ಡೊಳ್ಳಿನವರು ಮೊದಲು ಬಂದರು. ಎದೆಯೊಳಗೇ ಯಾರೋ ಬಡಿದಂತೆ ಆಗುವ ಸದ್ದು. ಮಗಳು ಕುಣಿಯತೊಡಗಿದಳು, ಮಗ ಎರಡೂ ಕಿವಿ ಮುಚ್ಚಿಕೊಂಡು ನನ್ನ ಸೆರಗಿನೊಳಗೆ ತಲೆ ತೂರಿಸಿದ. ಅವನನ್ನು ಅಂಗಡಿಯ ಒಳಗೆ, ಅಕ್ಕಿಮೂಟೆಗಳ ಹಿಂದೆ ಕೂರಿಸಿದೆ. ಅಲ್ಲಿ ಸದ್ದು ಮೂಟೆಗಳಿಗೆ ತಾಗಿ ಮೆತ್ತಗಾಗಿ ಬರುತ್ತಿತ್ತು. ಹತ್ತು ನಿಮಿಷದ ನಂತರ ತಾನಾಗಿಯೇ ಹೊರಗೆ ಬಂದು, ‘ಕೆಳಗೆ ಹೋಗೋಣ, ನನಗೆ ಇಲ್ಲಿಂದ ಕಾಣುವುದಿಲ್ಲ’ ಎಂದು ಹಟ ಹಿಡಿದ. ಅಣ್ಣ ಮುಂದೆ ನಿಂತು ಜಾಗ ಮಾಡಿಕೊಟ್ಟ. ಮೆಟ್ಟಿಲಿಳಿದು ಬೀದಿಯ ಅಂಚಿಗೆ ನಿಂತೆವು.

ಅವನ ಚಪ್ಪಲಿಯ ಪಟ್ಟಿ ಬಿಚ್ಚಿತ್ತು. ಕಟ್ಟಲು ಮಂಡಿಯೂರಿ ಕೂತೆ.

ಆ ಅರೆನಿಮಿಷವನ್ನು ನಾನು ಮರೆಯಲಾರೆ. ಮೇಲೆ ಇದ್ದ ಜಾತ್ರೆ ಕೆಳಗೆ ಇರಲಿಲ್ಲ. ಬಾವುಟ, ತೋರಣ, ಆಕಾಶ ಯಾವುದೂ ಇಲ್ಲ. ಎಲ್ಲ ಕಡೆ ಪಂಚೆಯ ಅಂಚು, ಸೀರೆಯ ನೆರಿಗೆ, ಪ್ಯಾಂಟಿನ ಮಂಡಿ. ಹಣ್ಣುಕಾಯಿ ತುಂಬಿದ ನೈಲಾನ್ ಚೀಲವೊಂದು ಸರಿಯಾಗಿ ನನ್ನ ಕೆನ್ನೆಗೆ ಬಡಿದು ಮುಂದೆ ಹೋಯಿತು. ಗಾಳಿ ಇಲ್ಲ. ನೆಲದ ಕಾವು, ಬೆವರು, ತುಳಿದ ಬಾಳೆಹಣ್ಣಿನ ವಾಸನೆ. ಅಷ್ಟು ಜನರಲ್ಲಿ ಒಂದು ಮುಖವೂ ನನಗೆ ಕಾಣಲಿಲ್ಲ. ಖಾಕಿ ಪ್ಯಾಂಟು ಯಾವುದು, ಬೇರೆ ಪ್ಯಾಂಟು ಯಾವುದು ಎಂದು ಆ ಕಾಲುಗಳ ಕಾಡಿನಲ್ಲಿ ಐದು ವರ್ಷದ ಮಗು ಹೇಗೆ ಗುರುತಿಸಬೇಕು? ಪೊಲೀಸ್ ಮಾಮನನ್ನು ಎಲ್ಲಿ ಹುಡುಕಬೇಕು?

ಆಗ ಎದುರು ಬದಿಯಲ್ಲಿ ಒಂದು ಮುಖ ಕಂಡಿತು. ಕಾಲುಗಳ ನಡುವಿನ ಸಂದಿನಲ್ಲಿ, ಗೋಡೆಗೆ ಒತ್ತಿ ಚಾಪೆ ಹಾಸಿ ಕೂತು ಪೀಪಿ ಮಾರುತ್ತಿದ್ದ ಒಬ್ಬ ಹೆಂಗಸು. ಅವಳು ನನ್ನ ಮಗನನ್ನೇ ನೋಡುತ್ತ ಪೀಪಿಯೊಂದನ್ನು ಊದಿದಳು. ಅವನ ಕಣ್ಣು ಅವಳಲ್ಲೇ ನೆಟ್ಟಿತ್ತು. ಅವನ ಎತ್ತರದಲ್ಲಿ ಈ ಜಾತ್ರೆಯಲ್ಲಿ ಮುಖವಿರುವವರು ಇವರು ಮಾತ್ರ: ಗಿರಗಿಟ್ಟಲೆ, ಬಳೆ, ಬೆಂಡು ಬತ್ತಾಸು ಹರಡಿಕೊಂಡು ನೆಲದ ಮೇಲೆ ಕೂತವರು. ಜನರ ಅಲೆಯಲ್ಲಿ ಜಾಗ ಬದಲಿಸದೆ ಕೂತಿರುವವರೂ ಇವರೇ. ಅಲ್ಲೇ ಕೂತು ಅವನಿಗೆ ಪಾಠ ತಿದ್ದಿದೆ. ‘ನನ್ನ ಕೈ ತಪ್ಪಿದರೆ ಎಲ್ಲಿಗೂ ಓಡಬೇಡ. ನೆಲದ ಮೇಲೆ ಅಂಗಡಿ ಹಾಕಿ ಕೂತಿರುವ ಅಜ್ಜಿಯೋ ಅತ್ತೆಯೋ ಕಂಡರೆ ಅವರ ಪಕ್ಕ ಹೋಗಿ ಕೂತುಬಿಡು. ನಾನು ಬಂದೇ ಬರುತ್ತೇನೆ.’ ಎರಡು ಸಲ ಹೇಳಿಸಿದೆ.

ತೇರು ಬಂತು. ದೂರದಿಂದಲೇ ಜನ ಕೈಯೆತ್ತಿ ಜಯಕಾರ ಕೂಗತೊಡಗಿದ್ದು ಗಾಳಿ ಬೀಸಿ ಬಂದಂತೆ ನಮ್ಮ ಮೇಲೆ ಹಾದುಹೋಯಿತು. ಕೆಂಪು ಮುಖದ ದೇವಿ, ಅಗಲ ಕಣ್ಣುಗಳು, ತೇರು ತೂಗಿದಂತೆಲ್ಲ ಎಲ್ಲರನ್ನೂ ಒಮ್ಮೆ ನೋಡಿದಂತೆ ಕಾಣುತ್ತಿದ್ದಳು. ಏಳು ಅಡಿ ಎತ್ತರದ ಮರದ ಮೂರ್ತಿ. ಆಯಿಯಂಥವರಿಗೆ ಅವಳು ಮೂರ್ತಿಯಲ್ಲ, ದೊಡ್ಡಮ್ಮ. ಅಣ್ಣ ಮಗನನ್ನು ಹೆಗಲೇರಿಸಿಕೊಂಡಿದ್ದ. ನಾನು ಮಗಳ ಹಿಂದೆ ನಿಂತು, ಅವಳ ಎರಡೂ ಭುಜ ಹಿಡಿದು, ಕೈಮುಗಿಯಲೂ ಬಿಡುವಿಲ್ಲದೆ ಕಣ್ಣಲ್ಲೇ ನಮಸ್ಕರಿಸಿದೆ. ಕಣ್ಣು ತುಂಬಿ ಬಂತು. ನಾನೂ ಹೀಗೆಯೇ ಅಪ್ಪನ ಹೆಗಲ ಮೇಲಿಂದ ಈ ಮುಖವನ್ನು ನೋಡಿದ್ದೆ.

ಮನೆಗೆ ಬಂದ ಮೇಲೆ ಆಯಿ ಮಗನನ್ನು ‘ತೇರಿನಲ್ಲಿ ಏನು ನೋಡಿದೆ ಮಾಣಿ?’ ಎಂದು ಕೇಳಿದಳು. ‘ಹಗ್ಗ ಎಳೆಯುವ ಒಬ್ಬ ಮಾಮನ ಕಾಲಿಗೆ ಚಪ್ಪಲಿ ಇರಲಿಲ್ಲ. ಹೆಬ್ಬೆರಳಿಗೆ ಬಿಳಿ ಬಟ್ಟೆ ಕಟ್ಟಿದ್ದ. ಆದರೂ ಎಳೆದ’ ಎಂದ. ಹೆಗಲೇರಿದ ಮೇಲೂ ಅವನು ನೋಡಿದ್ದು ಕೆಳಗನ್ನೇ.

ಗುರುವಾರ, ಮಾರ್ಚ್ 21

ಗದ್ದುಗೆಯ ಮೇಲೆ ಕೂತ ದೇವಿಗೆ ಇಂದಿನಿಂದ ಸೇವೆ. ಅತ್ತಿಗೆಯೊಡನೆ ಹತ್ತು ಗಂಟೆಗೆ ಸರತಿಯಲ್ಲಿ ನಿಂತೆವು. ನಾನು ಮಾಡಿದ ತಪ್ಪು ಆ ಹತ್ತು ಗಂಟೆಯೇ. ಮನೆಯಲ್ಲಿ ತಿಂಡಿ, ಸ್ನಾನ ಎಂದು ಹೊತ್ತು ಮಾಡಿದ್ದಕ್ಕೆ ಬಿಸಿಲು ನೆತ್ತಿಗೇರಿತ್ತು. ಮೊದಲ ಮುಕ್ಕಾಲು ಗಂಟೆ ಮಗಳು ಪದಬಂಧದ ಆಟವಾಡಿಸಿದಳು, ನೀರು ಕುಡಿದೆವು, ಚಕ್ಕುಲಿ ತಿಂದೆವು. ಆಮೇಲೆ ಸಾಲು ನಿಂತಿತು. ಹಿಂದಿನಿಂದ ಬಂದವರು ಮುಂದಿನವರನ್ನು ಒತ್ತಲು ತೊಡಗಿದರು. ಯಾರೂ ಬೇಕೆಂದು ನೂಕುವುದಿಲ್ಲ. ಪ್ರತಿಯೊಬ್ಬರೂ ಅರ್ಧ ಹೆಜ್ಜೆ ಮುಂದಿಡುತ್ತಾರೆ, ಆ ಅರ್ಧ ಹೆಜ್ಜೆಗಳೆಲ್ಲ ಕೂಡಿ ಮುಂದೆ ನಿಂತ ಮಗುವಿನ ಎದೆಯ ಮೇಲೆ ಬೀಳುತ್ತವೆ.

ಮಗ ಅಳಲಿಲ್ಲ. ಸುಮ್ಮನಾದ. ನನಗೆ ಭಯವಾದದ್ದು ಅದಕ್ಕೆ. ಸದಾ ಪ್ರಶ್ನೆ ಕೇಳುವ ಹುಡುಗ ಕಾಲು ಗಂಟೆಯಿಂದ ಒಂದೂ ಮಾತಾಡಿರಲಿಲ್ಲ, ಮುಖ ಕೆಂಪೇರಿ ಕಿವಿಯ ಹಿಂದೆ ಬೆವರು ನಿಂತಿತ್ತು. ಗದ್ದುಗೆಯ ಚಪ್ಪರ ಕಣ್ಣಿಗೆ ಕಾಣುತ್ತಿತ್ತು. ಇನ್ನು ಮುಕ್ಕಾಲು ಗಂಟೆ ನಿಂತರೆ ದರ್ಶನ. ‘ಇಷ್ಟು ಹೊತ್ತು ನಿಂತದ್ದಾಯಿತಲ್ಲ’ ಎಂದು ಪಕ್ಕದವರೊಬ್ಬರು ಹೇಳಿದರು. ಆ ಮಾತು ಎಂಥವರನ್ನೂ ಕಟ್ಟಿಹಾಕುತ್ತದೆ, ನನ್ನನ್ನೂ ಐದು ನಿಮಿಷ ಕಟ್ಟಿಹಾಕಿತು. ಮತ್ತೆ ಅವನ ಮುಖ ನೋಡಿದೆ. ಅಡ್ಡಗಟ್ಟಿದ್ದ ಗಳದ ಬಳಿ ನಿಂತಿದ್ದ ಸ್ವಯಂಸೇವಕ ಹುಡುಗನನ್ನು ಕೂಗಿ, ‘ತಮ್ಮಾ, ಮಗುವಿಗೆ ಆಗುತ್ತಿಲ್ಲ, ದಾರಿ ಮಾಡು’ ಎಂದೆ. ಅವನು ಮರುಮಾತಿಲ್ಲದೆ ಮಗನನ್ನು ಎರಡೂ ಕೈಯಲ್ಲಿ ಎತ್ತಿ ಗಳದಾಚೆ ಇಳಿಸಿ, ತನ್ನ ನೀರಿನ ಬಾಟಲಿಯನ್ನೇ ಕೊಟ್ಟ. ಆ ಹುಡುಗ ಎಲ್ಲಿದ್ದರೂ ಚೆನ್ನಾಗಿರಲಿ.

ದೇವಿಯನ್ನು ನೋಡದೆ ಮನೆಗೆ ಬಂದೆವು. ಉಡಿಯ ಸಾಮಾನು ಬುಟ್ಟಿಯಲ್ಲಿ ಹಾಗೆಯೇ ಇತ್ತು. ಆಯಿ ಬೇಸರ ಮಾಡಿಕೊಂಡಾಳೆಂದು ಅಳುಕಿದ್ದೆ. ಬುಟ್ಟಿಯನ್ನು ತೆಗೆದುಕೊಂಡು ದೇವರ ಮುಂದಿಟ್ಟು, ‘ದೊಡ್ಡಮ್ಮ ಮುಂದಿನ ಬುಧವಾರದವರೆಗೆ ಗದ್ದುಗೆಯ ಮೇಲೆ ಕೂತಿರುತ್ತಾಳೆ. ಮಕ್ಕಳು ಕೂತಿರುತ್ತಾರೆಯೇ? ಬಾ, ಮೊದಲು ಅವನಿಗೆ ತಂಬುಳಿ ಹಾಕು’ ಎಂದಳು.

ಶುಕ್ರವಾರ, ಮಾರ್ಚ್ 22

ಜಾತ್ರೆಗೆ ರಜೆ. ದಿನವೂ ಪೇಟೆಗೆ ಹೋದರೆ ಮಕ್ಕಳಿಗೆ ಜಾತ್ರೆಯೆಂದರೆ ದಣಿವು ಎಂದೇ ಉಳಿಯುತ್ತದೆ. ಸಹಸ್ರಲಿಂಗಕ್ಕೆ ಹೋದೆವು. ಶಾಲ್ಮಲಾ ನದಿಯ ಬಂಡೆ ಬಂಡೆಯ ಮೇಲೂ ಸೋಂದೆಯ ಅರಸರ ಕಾಲದಲ್ಲಿ ಕೆತ್ತಿದ ಲಿಂಗಗಳು, ಎದುರಿಗೊಂದು ನಂದಿ. ಮಾರ್ಚಿನಲ್ಲಿ ನೀರು ಇಳಿದಿರುವುದರಿಂದ ಚೆನ್ನಾಗಿ ಕಾಣುತ್ತವೆ. ಮಗ ಎಣಿಸಲು ಹೊರಟು ನಲವತ್ತೆರಡಕ್ಕೆ ಬಿಟ್ಟು ನೀರಿಗಿಳಿದ. ಜಾತ್ರೆಗೆ ಬಂದವರಲ್ಲಿ ಬಹಳ ಮಂದಿ ಪೇಟೆಯಲ್ಲೇ ಇದ್ದುದರಿಂದ ಅಲ್ಲಿ ಮರದ ನೆರಳು, ನೀರಿನ ಸದ್ದು ಎರಡೂ ನಮ್ಮದೇ ಆಗಿದ್ದವು.

ರಾತ್ರಿ ಮಗಳು ಕೇಳಿದಳು: ‘ದೇವಿಗೆ ಮದುವೆ ಮಾಡಿ, ಕೊನೆಯ ದಿನ ಚಪ್ಪರಕ್ಕೆ ಬೆಂಕಿ ಏಕೆ ಹಚ್ಚುತ್ತಾರೆ?’ ಅತ್ತೆಯ ಮಗ ಅವಳಿಗೆ ಹೇಳಿದ್ದನಂತೆ. ಆಯಿ ತನಗೆ ಗೊತ್ತಿದ್ದ ಕಥೆ ಹೇಳಿದಳು. ಜಾತಿಯನ್ನು ಮರೆಸಿ ಮದುವೆಯಾದ ಗಂಡ, ನಿಜ ತಿಳಿದು ಸಿಡಿದೆದ್ದ ಹೆಂಡತಿ, ಕೋಣನಾಗಿ ಓಡಿದ ಅವನ ಬೆನ್ನಟ್ಟಿದ ಮಾರಿ. ಕನ್ನಡ ನಾಡಿನ ಮಾರಿ ಜಾತ್ರೆಗಳಲ್ಲೆಲ್ಲ ಒಂದಲ್ಲ ಒಂದು ಬಗೆಯಲ್ಲಿ ಕೇಳಿಬರುವ ಕಥೆ ಇದು. ನನಗೆ ಈ ಕಥೆಯನ್ನು ಮಗಳ ಮುಂದೆ ಹಾಗೆಯೇ ಬಿಟ್ಟುಬಿಡಲು ಮನಸ್ಸಾಗಲಿಲ್ಲ. ‘ಒಬ್ಬನ ಹುಟ್ಟನ್ನೇ ಅಪರಾಧ ಮಾಡುವ ಕಥೆಯನ್ನು ನಾನು ಒಪ್ಪುವುದಿಲ್ಲ’ ಎಂದೆ. ಜಾತ್ರೆಯ ಒಂದೊಂದು ವಿಧಿಗೂ ಬೇರೆ ಬೇರೆ ಸಮುದಾಯಗಳ ಬಾಬುದಾರರು, ಅಂದರೆ ಆ ಕೆಲಸದ ಹಕ್ಕುಳ್ಳವರು, ಇದ್ದಾರೆ, ಅವರು ಬಂದು ತಮ್ಮ ಪಾಲಿನ ಕೆಲಸ ಮಾಡದೆ ತೇರು ಕದಲುವುದಿಲ್ಲ ಎಂಬುದನ್ನೂ ಹೇಳಿದೆ. ಹಿಂದೆ ಇಲ್ಲಿ ಕೋಣನ ಬಲಿ ಇತ್ತು. 1934ರಲ್ಲಿ ಗಾಂಧೀಜಿ ಶಿರಸಿಗೆ ಬಂದಾಗ ಪ್ರಾಣಿಬಲಿ ನಡೆಯುವ ಗುಡಿಗೆ ಕಾಲಿಡಲು ಒಪ್ಪಲಿಲ್ಲ, ಊರಿನ ಹಿರಿಯರು ಬಲಿ ನಿಲ್ಲಿಸಿದರು. ‘ಹಾಗಾದರೆ ಕಥೆಯನ್ನೂ ಬದಲಿಸಬಹುದು’ ಎಂದಳು ಮಗಳು. ಆಯಿ ಬಹಳ ಹೊತ್ತು ಸುಮ್ಮನಿದ್ದು, ‘ಬದಲಿಸಬಹುದು ಕೂಸೇ, ಬದಲಿಸುವವರು ಬೇಕು’ ಎಂದಳು. ಎಂಬತ್ತು ದಾಟಿದ ಆಯಿಯ ಬಾಯಲ್ಲಿ ಆ ಮಾತು ಬರುತ್ತದೆಂದು ನಾನು ಎಣಿಸಿರಲಿಲ್ಲ.

ಶನಿವಾರ, ಮಾರ್ಚ್ 23

ನಾಲ್ಕು ಗಂಟೆಗೆ ಎಬ್ಬಿಸಿದೆ. ಕತ್ತಲಲ್ಲೇ ಹೊರಟು ಸರತಿಗೆ ಸೇರಿದಾಗ ಗಾಳಿ ತಣ್ಣಗಿತ್ತು, ಮಲ್ಲಿಗೆಯ ಮೊಗ್ಗು ಇನ್ನೂ ಬಿರಿಯುತ್ತಿತ್ತು. ಅರ್ಧ ಗಂಟೆಯೂ ಆಗಲಿಲ್ಲ, ದೇವಿಯ ಮುಂದೆ ನಿಂತಿದ್ದೆವು. ಆಯಿಯನ್ನೂ ಕರೆತಂದಿದ್ದೆ. ಅಕ್ಕಿ, ಕಾಯಿ, ಕಣ, ಅರಿಶಿನ ಕುಂಕುಮ ಎಂದು ಅವಳು ಒಂದೊಂದನ್ನೇ ತೆಗೆದುಕೊಟ್ಟಳು, ಮಗಳು ಉಡಿ ಒಪ್ಪಿಸಿದಳು. ಮಗನಿಗೆ ಈ ಸಲ ಎಲ್ಲವೂ ಕಂಡಿತು. ದೇವಿಯ ಕಾಲ ಬಳಿಯ ರಾಕ್ಷಸನನ್ನು ನೋಡಿ, ‘ಅವನಿಗೆ ಒತ್ತಾಗುತ್ತಿದೆ’ ಎಂದು ಪಿಸುಗುಟ್ಟಿದ. ಗುರುವಾರದ ಸರತಿ ಅವನಲ್ಲಿ ಇನ್ನೂ ಉಳಿದಿತ್ತು.

ಹೊರಬರುವಾಗ ಬೇವಿನುಡುಗೆ ಸೇವೆಗೆ ಬಂದ ಒಂದು ಪುಟ್ಟ ಹುಡುಗಿ ಕಂಡಳು. ಎರಡು ವರ್ಷವಿರಬಹುದು. ಸೊಂಟಕ್ಕೆ, ಭುಜಕ್ಕೆ ಬೇವಿನ ಸೊಪ್ಪನ್ನು ಕಟ್ಟಿದ್ದರು. ಸಿಡುಬು, ದಡಾರ ಮನೆ ಮನೆಯ ಮಕ್ಕಳನ್ನು ಕೊಂಡೊಯ್ಯುತ್ತಿದ್ದ ಕಾಲದ ಹರಕೆಗಳು ಇವು. ತಾಯಂದಿರ ಕೈಯಲ್ಲಿ ಬೇವಿನ ಎಲೆ, ದೊಡ್ಡಮ್ಮನ ಹೆಸರು ಬಿಟ್ಟು ಇನ್ನೇನೂ ಇರದ ಕಾಲ. ಆ ಹುಡುಗಿ ಒಂದು ಎಲೆ ಕಿತ್ತು ಬಾಯಿಗಿಟ್ಟು ಮುಖ ಕಿವುಚಿದಳು. ಅವಳ ಅಮ್ಮ ನಕ್ಕು ಸೆರಗಿನಿಂದ ನಾಲಿಗೆ ಒರೆಸಿದಳು. ಅಷ್ಟು ನೋಡಿದ್ದಕ್ಕೇ ಈ ಪ್ರಯಾಣ ಸಾರ್ಥಕವೆನಿಸಿತು ನನಗೆ.

ಅಲ್ಲಿಗೇ ದಿನವನ್ನು ಮುಗಿಸಬೇಕಿತ್ತು. ಶನಿವಾರದ ಸಂಜೆ ಜಾತ್ರೆ ಪೇಟೆ ಹೇಗಿರುತ್ತದೆಂದು ಗೊತ್ತಿದ್ದೂ ಮಕ್ಕಳಿಗೆ ತೊಟ್ಟಿಲು ಹತ್ತಿಸುವ ಮಾತು ಕೊಟ್ಟಿದ್ದೆನೆಂದು ಹೊರಟೆ. ಸಂಜೆ ಆರಕ್ಕೆ ಮಂಡಕ್ಕಿ, ಮಿರ್ಚಿ, ಕಬ್ಬಿನ ಹಾಲು, ಬಾವಿಯ ಒಳಗೋಡೆಯಲ್ಲಿ ಬೈಕ್ ಓಡಿಸುವ ಆಟದ ಗುಡುಗು, ನಾಟಕ ಕಂಪನಿಯ ಧ್ವನಿವರ್ಧಕ. ತೊಟ್ಟಿಲಿನ ತುದಿಯಿಂದ ಮಗಳು ದೀಪಗಳ ಶಿರಸಿಯನ್ನು ನೋಡಿ ಕಿರುಚಿದಳು. ಇಳಿದು ಬಳೆ ಅಂಗಡಿಗಳ ಸಾಲಿನತ್ತ ತಿರುಗುವಾಗ ಎರಡು ಕಡೆಯಿಂದ ಬಂದ ಜನ ಒಂದೇ ಇಕ್ಕಟ್ಟಿನಲ್ಲಿ ಕೂಡಿದರು. ಮಗನ ಬೆರಳುಗಳು ನನ್ನ ಕೈಯಲ್ಲಿದ್ದವು. ಮಣಿಕಟ್ಟು ಹಿಡಿಯಬೇಕೆಂದು ಐದು ದಿನದಿಂದ ಮಗಳಿಗೆ ಹೇಳುತ್ತಿದ್ದವಳು ನಾನು, ಆ ಗಳಿಗೆಯಲ್ಲಿ ಹಿಡಿದದ್ದು ಬೆರಳು. ಬೆವರಿದ ಬೆರಳು ಜಾರಿತು.

ತಿರುಗಿದೆ. ಇಲ್ಲ.

ಹೆಸರು ಕೂಗಿದೆ, ನನ್ನ ಕೂಗು ನನಗೇ ಕೇಳಿಸಲಿಲ್ಲ. ಅತ್ತಿಗೆ ಮಗಳನ್ನು ಎಳೆದುಕೊಂಡು ಅಂಗಡಿಯೊಂದರ ಮೆಟ್ಟಿಲು ಹತ್ತಿ ನಿಂತಳು. ಹಳದಿ ಅಂಗಿಗಾಗಿ ತಲೆಗಳ ಮೇಲಿಂದ ಹುಡುಕಿದೆ. ಆಗ ಹೊಳೆಯಿತು, ಮೇಲಿಂದ ನೋಡಿದರೆ ಅವನು ಸಿಗುವುದಿಲ್ಲ. ಅಲ್ಲೇ ಕುಕ್ಕರುಗಾಲಿನಲ್ಲಿ ಕೂತೆ. ಯಾರೋ ಬೈದರು, ಯಾರದೋ ಮಂಡಿ ಬೆನ್ನಿಗೆ ತಾಗಿತು. ಕಾಲುಗಳ ನಡುವಿನಿಂದ ಎಡಕ್ಕೆ ನೋಡಿದೆ, ಬಲಕ್ಕೆ ನೋಡಿದೆ. ಹತ್ತು ಹೆಜ್ಜೆಯಾಚೆ, ಗೋಡೆಯ ಬುಡದಲ್ಲಿ, ಬಣ್ಣ ಬಣ್ಣದ ಗಿರಗಿಟ್ಟಲೆಗಳ ಹಿಂದೆ ಹಳದಿ ಕಂಡಿತು.

ಬುಧವಾರದ ಪೀಪಿಯ ಹೆಂಗಸಲ್ಲ ಇವಳು, ಇನ್ನೂ ವಯಸ್ಸಾದವಳು. ಮಗನನ್ನು ತನ್ನ ಬೆನ್ನ ಹಿಂದೆ, ಗೋಡೆಗೂ ಬುಟ್ಟಿಗೂ ನಡುವೆ ಕೂರಿಸಿ, ಒಂದು ಕಾಲನ್ನು ಅಡ್ಡ ಚಾಚಿಕೊಂಡಿದ್ದಳು. ಜನ ಅವಳ ಕಾಲು ದಾಟಿ ಹೋಗಬೇಕೇ ಹೊರತು ಅವನನ್ನು ತುಳಿಯುವಂತಿರಲಿಲ್ಲ. ಅವನ ಕೈಯಲ್ಲಿ ಒಂದು ಗಿರಗಿಟ್ಟಲೆ. ಕೆನ್ನೆ ಒದ್ದೆಯಾಗಿತ್ತು, ಆದರೆ ಎದ್ದು ಓಡಿರಲಿಲ್ಲ. ‘ನಾನು ಕೂತೇ ಇದ್ದೆ ಅಮ್ಮ’ ಎಂದ. ಅಪ್ಪಿಕೊಂಡು ಬಹಳ ಹೊತ್ತು ಏಳಲಾಗಲಿಲ್ಲ.

‘ಹೆದರಬೇಡವ್ವ. ಜಾತ್ರೆಯಲ್ಲಿ ದಿನಕ್ಕೆ ಒಂದಿಬ್ಬರಾದರೂ ನನ್ನ ಚಾಪೆಗೆ ಬರುತ್ತಾರೆ. ನಾನು ಎದ್ದು ಹುಡುಕಿಕೊಂಡು ಹೋಗುವುದಿಲ್ಲ. ಹೋದರೆ ನೀವು ಇಲ್ಲಿಗೆ ಬಂದಾಗ ಮಗು ಇರುವುದಿಲ್ಲ’ ಎಂದಳು. ಹಾವೇರಿ ಕಡೆಯವಳಂತೆ. ಮೂವತ್ತು ವರ್ಷದಿಂದ ಜಾತ್ರೆಯಿಂದ ಜಾತ್ರೆಗೆ ಚಾಪೆ ಹಾಸುತ್ತ ಬಂದಿದ್ದಾಳೆ. ದುಡ್ಡು ಕೊಡಲು ಹೋದರೆ ಗಿರಗಿಟ್ಟಲೆಯ ಇಪ್ಪತ್ತು ರೂಪಾಯಿ ಮಾತ್ರ ತೆಗೆದುಕೊಂಡಳು.

ಭಾನುವಾರ, ಮಾರ್ಚ್ 24

ರಾತ್ರಿ ಬಸ್ಸಿಗೆ ಮೊದಲು, ಬೆಳಗ್ಗೆ ಎಂಟಕ್ಕೆ, ಅಂಗಡಿಗಳು ಆಗತಾನೆ ಪರದೆ ಸರಿಸುತ್ತಿದ್ದಾಗ ಮತ್ತೆ ಪೇಟೆಗೆ ಹೋದೆವು. ಮಗನೇ ಹಟ ಮಾಡಿದ. ಆಯಿ ಮನೆಯ ಬಾಳೆಹಣ್ಣಿನ ಒಂದು ಚಿಪ್ಪು, ಒಂದಿಷ್ಟು ಅಡಿಕೆ, ತೊಡದೇವಿನ ಪೊಟ್ಟಣ ಕೊಟ್ಟಿದ್ದಳು. ಅಜ್ಜಿ ಚಾಪೆ ಗುಡಿಸುತ್ತಿದ್ದಳು. ಮಗ ಅವಳ ಬೆನ್ನ ಹಿಂದೆ ಹೋಗಿ ನಿನ್ನೆಯ ಜಾಗದಲ್ಲೇ ಕೂತ. ಮಗಳಿಗೂ ಕುತೂಹಲ, ಅವಳೂ ಕೂತಳು. ನಾನೂ ಕೂತೆ. ಅಲ್ಲಿಂದ ಬೀದಿ ಅಗಲವಾಗಿ ಕಾಣುತ್ತಿತ್ತು. ಹೋಗುತ್ತಿದ್ದ ಮಕ್ಕಳೆಲ್ಲ ನಮ್ಮನ್ನು ನೋಡಿಕೊಂಡೇ ಹೋದರು, ದೊಡ್ಡವರಲ್ಲಿ ಒಬ್ಬರೂ ಕೆಳಗೆ ನೋಡಲಿಲ್ಲ.

‘ಇಲ್ಲಿ ಮುಗಿದ ಮೇಲೆ ಎಲ್ಲಿಗೆ ಅಜ್ಜಿ?’ ಎಂದು ಮಗಳು ಕೇಳಿದಳು. ‘ಬನವಾಸಿ ತೇರಿಗೆ’ ಎಂದಳು.

ಬುಧವಾರ, ಮಾರ್ಚ್ 27, ಬೆಂಗಳೂರು

ರಾತ್ರಿ ಆಯಿ ಫೋನು ಮಾಡಿದಳು. ಸೇವೆ ಬೆಳಗ್ಗೆಯೇ ನಿಂತಿತಂತೆ, ದೇವಿ ಗದ್ದುಗೆಯಿಂದ ಎದ್ದಳಂತೆ, ಚಪ್ಪರ ಉರಿಯಿತಂತೆ. ಇನ್ನು ಯುಗಾದಿಯಂದೇ ಅವಳು ಗುಡಿಯಲ್ಲಿ ಮರಳಿ ಕಾಣುವುದು. ಮುಂದಿನ ವರ್ಷ ಜಾತ್ರೆಯಿಲ್ಲ, ಹೋಳಿ ಹಬ್ಬಕ್ಕೆ ಬೇಡರ ವೇಷ ಕುಣಿಯುತ್ತದೆ, ಆಗಲೂ ಬನ್ನಿ ಎಂದಳು. ಮಗ ಫೋನು ಕಿತ್ತುಕೊಂಡು ಕೇಳಿದ್ದು ಒಂದೇ: ‘ಅಮ್ಮಮ್ಮ, ಗಿರಗಿಟ್ಟಲೆ ಅಜ್ಜಿ ಬನವಾಸಿಗೆ ಹೋದಳೇ?’

‘ಹೊರಟಿರಬೇಕು ಮಾಣಿ. ಅಣ್ಣನಿಗೆ ಹೇಳಿದ್ದೇನೆ, ಬನವಾಸಿ ತೇರಿಗೆ ಹೋದಾಗ ನೋಡಿಕೊಂಡು ಬರುತ್ತಾನೆ.’

‘ಕೆಳಗೆ ನೋಡಲು ಹೇಳು’ ಎಂದ.